ಪಿಜಿಗಳಿಗೆ ಮಕ್ಕಳ ಮನೋವೈದ್ಯಕೀಯ ಕಲಿಸುವುದು ಹೇಗೆ?

ನಾನು ಮಾತಾಡಬೇಕೆಂದಿರುವುದು ಮನೋವೈದ್ಯಕೀಯದಲ್ಲಿ ಎಂಡಿ ಓದುತ್ತಿರುವ ಪಿಜಿಗಳ, ಅಂದರೆ ರೆಸಿಡೆಂಟುಗಳ ಬಗ್ಗೆ, ಡಿಎಂ ಕೋರ್ಸಿನ ಬಗ್ಗೆ ಅಲ್ಲ. ಎಂಡಿ ಮುಗಿಸಿದ ಮೇಲೆ ಮಕ್ಕಳ ಮನೋವೈದ್ಯಕೀಯದಲ್ಲೇ 3 ವರ್ಷ ಓದುವ ಅವಕಾಶ ನಿಮ್ಹಾನ್ಸ್‌ನಂಥ ಕೆಲವೇ ಸಂಸ್ಥೆಗಳಲ್ಲಿದೆ. ಸೀಟುಗಳು ಬೆರಳೆಣಿಕೆಯಷ್ಟು. ನಮ್ಮ ಮಕ್ಕಳನ್ನು ನೋಡುವವರಲ್ಲಿ ಬಹುಪಾಲು ಸಾಮಾನ್ಯ ಮನೋವೈದ್ಯರು. ಇಲ್ಲಿ ಕೂತಿರುವ ಪಿಜಿಗಳೇ, ನಾಳೆ ನೀವು ಜಿಲ್ಲಾ ಆಸ್ಪತ್ರೆ ಸೇರಿದ ಮೊದಲ ವಾರದಲ್ಲೇ ಮಾತು ಬಾರದ 4 ವರ್ಷದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬರುತ್ತಾಳೆ. ಜಿಲ್ಲಾ ರೆಸಿಡೆನ್ಸಿಗೆಂದು 3 ತಿಂಗಳು ಹೊರಗೆ ಹೋಗುತ್ತೀರಲ್ಲ, ಆಗಲೇ ಬಂದರೂ ಬಂದಾಳು. ಆ ಜಿಲ್ಲೆಯಲ್ಲಿ ಮಕ್ಕಳ ಮನೋವೈದ್ಯರು ಇರುವ ಸಾಧ್ಯತೆ ಬಹಳ ಕಡಿಮೆ.

ಕೆಲಸ ಎಷ್ಟಿದೆ ಎನ್ನುವುದಕ್ಕೆ ಎರಡು ಅಂಕಿ ಸಾಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇದೆ ಎಂದಿತು. ಅದಕ್ಕೂ ಮೊದಲು, 2005ರಲ್ಲಿ ಪ್ರಕಟವಾದ ಬೆಂಗಳೂರು ನಗರ ಮತ್ತು ಹಳ್ಳಿಗಳ ಅಧ್ಯಯನದಲ್ಲಿ 16 ವರ್ಷದವರೆಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 12.5 ಇತ್ತು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಅದರ ತಾಲ್ಲೂಕು ಕ್ಯಾಂಪಿನ ಸಾಲಿನಲ್ಲಿ ಮಕ್ಕಳೂ ನಿಂತಿರುತ್ತಾರೆ. ಅಮೆರಿಕದಲ್ಲಿ 4 ವರ್ಷದ ರೆಸಿಡೆನ್ಸಿಯೊಳಗೆ ಕನಿಷ್ಠ 2 ತಿಂಗಳು ಮಕ್ಕಳ ವಿಭಾಗದಲ್ಲಿ ಕಳೆಯಬೇಕು, ಆಮೇಲೆ ಬೇಕೆಂದವರಿಗೆ 2 ವರ್ಷದ ಫೆಲೋಶಿಪ್ ಇದೆ. ನಮ್ಮ ಕಾಲೇಜುಗಳಲ್ಲೂ ಈ ಪೋಸ್ಟಿಂಗ್ ಕೆಲವು ತಿಂಗಳದ್ದೇ. ಸಿಗುವ ಆ ಸ್ವಲ್ಪ ಕಾಲದಲ್ಲಿ ಏನು ಮಾಡಿಸಬೇಕು ಎನ್ನುವುದೇ ನಮ್ಮ ಮುಂದಿರುವ ಪ್ರಶ್ನೆ.

ಇನ್ನು ಮುಂದಿನ ಮಾತು ಕಲಿಸುವವರಿಗೆ. ಮೊದಲ ವಾರ ರೆಸಿಡೆಂಟನ್ನು ಒಪಿಡಿಗೆ ಕಳಿಸಬೇಡಿ. ಅಂಗನವಾಡಿಗೆ ಕಳಿಸಿ, ನಿಮ್ಮದೇ ಆಸ್ಪತ್ರೆಯ ಲಸಿಕೆ ಕೊಠಡಿಗೆ ಕಳಿಸಿ. ಮನೋವೈದ್ಯಕೀಯಕ್ಕೆ ಬರುವ ಹೆಚ್ಚಿನವರು ಆರೋಗ್ಯವಂತ ಮಗುವಿನ ಜೊತೆ ಅರ್ಧ ಗಂಟೆ ನೆಲದ ಮೇಲೆ ಕೂತವರಲ್ಲ. 2 ತಿಂಗಳಿಗೆ ಮುಖ ನೋಡಿ ನಗುವುದು, 8 ತಿಂಗಳ ಹೊತ್ತಿಗೆ ಆಸರೆಯಿಲ್ಲದೆ ಕೂರುವುದು, ವರ್ಷ ತುಂಬುವ ಆಸುಪಾಸಿನಲ್ಲಿ ಬೆರಳು ಮಾಡಿ ತೋರಿಸುವುದು, 2 ವರ್ಷಕ್ಕೆ ಎರಡು ಪದ ಸೇರಿಸಿ ಮಾತಾಡುವುದು, ಇವನ್ನೆಲ್ಲ ಎಂಬಿಬಿಎಸ್‌ನಲ್ಲೇ ಬಾಯಿಪಾಠ ಮಾಡಿರುತ್ತಾರೆ. ಕಣ್ಣಾರೆ ನೋಡಿರುವುದಿಲ್ಲ. ಒಂದೂವರೆ ವರ್ಷದ ಮಗು ಕಾಗೆ ಕಂಡಾಗ ಏನು ಮಾಡುತ್ತದೆ? ಕಾಗೆಯತ್ತ ಬೆರಳು ಮಾಡುತ್ತದೆ, ತಿರುಗಿ ಅಮ್ಮನ ಮುಖ ನೋಡುತ್ತದೆ, ಮತ್ತೆ ಕಾಗೆಯನ್ನು ನೋಡುತ್ತದೆ. ಈ ಮೂರು ಹೆಜ್ಜೆ ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತವೆ. ಹತ್ತು ಮಕ್ಕಳಲ್ಲಿ ಇದನ್ನು ಕಂಡವರಿಗೆ ಹನ್ನೊಂದನೆಯ ಮಗುವಿನಲ್ಲಿ ಅದು ಇಲ್ಲದಿದ್ದರೆ ತಕ್ಷಣ ಕಾಣುತ್ತದೆ. ನೋಡಿಯೇ ಇಲ್ಲದವರು ಕೇಸ್ ಶೀಟಿನಲ್ಲಿ ‘ಐ ಕಾಂಟ್ಯಾಕ್ಟ್ ಕಡಿಮೆ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ.

ಅಂಗನವಾಡಿಯಲ್ಲಿ ಮಾಡಬೇಕಾದ್ದು ಇಷ್ಟು: ಒಂದೇ ವಯಸ್ಸಿನ ನಾಲ್ಕು ಮಕ್ಕಳನ್ನು ಆರಿಸಿಕೊಂಡು, ಒಬ್ಬೊಬ್ಬರನ್ನೂ 15 ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನು ಮಾತ್ರ ಬರೆಯುವುದು. ‘ಚುರುಕಾಗಿದೆ’, ‘ನಾಚಿಕೆ ಸ್ವಭಾವ’ ಎಂಬಂಥ ತೀರ್ಪುಗಳು ಬೇಡ. ‘ಪಕ್ಕದ ಮಗುವಿನ ಬಳಪ ಕಿತ್ತುಕೊಂಡಿತು, ಅದು ಅತ್ತಾಗ ಹಿಂದಿರುಗಿಸಿತು’ ಎಂದು ಬರೆಯಲಿ. ನಾಲ್ವರಲ್ಲಿ ಎಷ್ಟು ವ್ಯತ್ಯಾಸವಿದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಒಪಿಡಿ ಕೋಣೆ. ದೊಡ್ಡವರ ಒಪಿಡಿಯ ಮೇಜು ಕುರ್ಚಿಯನ್ನೇ ಇಟ್ಟುಕೊಂಡು ಮಗುವನ್ನು ಪರೀಕ್ಷಿಸಲು ಆಗುವುದಿಲ್ಲ. ನೆಲಕ್ಕೊಂದು ಚಾಪೆ ಬೇಕು. ಒಂದು ಡಬ್ಬಿಯಲ್ಲಿ ಚೆಂಡು, ಏಳೆಂಟು ಮರದ ತುಂಡು, ಒಂದು ಗೊಂಬೆ, ಪುಟ್ಟ ತಟ್ಟೆ ಲೋಟ, ಕಾರು, ಗಟ್ಟಿ ಮುಚ್ಚಳದ ಪಾರದರ್ಶಕ ಡಬ್ಬದಲ್ಲಿ ಬಿಸ್ಕತ್ತು, ಸೋಪು ನೀರಿನ ಗುಳ್ಳೆ, ಖಾಲಿ ಹಾಳೆ, ಬಣ್ಣದ ಪೆನ್ಸಿಲು ಇರಲಿ. ದುಬಾರಿ ಆಟಿಕೆ ಯಾವುದೂ ಬೇಡ. ಶಬ್ದ ಮಾಡುವ, ದೀಪ ಮಿನುಗುವ ಆಟಿಕೆಗಳನ್ನಂತೂ ಇಡಲೇಬೇಡಿ. ಮಗು ಅದಕ್ಕೆ ಅಂಟಿಕೊಂಡರೆ ಇನ್ನೇನೂ ಕಾಣುವುದಿಲ್ಲ. ಬಿಸ್ಕತ್ತಿನ ಮುಚ್ಚಳ ಗಟ್ಟಿಯಾಗಿರಬೇಕು ಎಂದದ್ದಕ್ಕೆ ಕಾರಣವಿದೆ. ತೆಗೆಯಲಾಗದ ಡಬ್ಬವನ್ನು ಮಗು ಏನು ಮಾಡುತ್ತದೆ ಎನ್ನುವುದೇ ಪರೀಕ್ಷೆ. ನಿಮ್ಮ ಮುಖ ನೋಡಿ ಡಬ್ಬ ಕೊಟ್ಟರೆ ಒಂದು ಅರ್ಥ. ಮುಖ ನೋಡದೆ ನಿಮ್ಮ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮುಚ್ಚಳದ ಮೇಲೆ ಇಟ್ಟರೆ ಬೇರೆಯೇ ಅರ್ಥ. ಎರಡನೆಯದು ಆಟಿಸಂನಲ್ಲಿ ಮತ್ತೆ ಮತ್ತೆ ಕಾಣುವ ನಡವಳಿಕೆ.

ಮೊದಲ 10 ನಿಮಿಷ ರೆಸಿಡೆಂಟ್ ಮಗುವನ್ನು ಏನೂ ಕೇಳಬಾರದು. ಹೆಸರೇನು, ಯಾವ ಸ್ಕೂಲು, ಎ ಬಿ ಸಿ ಡಿ ಹೇಳು, ಇದು ನಮ್ಮೆಲ್ಲರ ಅಭ್ಯಾಸ. ಮನೆಗೆ ಬಂದ ನೆಂಟರೂ ಹೀಗೇ ಕೇಳುತ್ತಾರೆ, ಮಗುವೂ ಅದಕ್ಕೆ ತಯಾರಾಗಿ ಬಂದಿರುತ್ತದೆ. ಮೊಬೈಲ್ ನೋಡಿ ಇಂಗ್ಲಿಷ್ ರೈಮ್ಸ್ ಪೂರ್ತಿ ಹಾಡುವ, ಎಲ್ಲ ಕಾರುಗಳ ಹೆಸರು ಹೇಳುವ 3 ವರ್ಷದ ಮಗುವನ್ನು ಕರೆತಂದು ‘ಬುದ್ಧಿ ಚೆನ್ನಾಗಿದೆ ಡಾಕ್ಟ್ರೇ, ಮಾತು ಒಂದು ತಡ, ಇವರಪ್ಪನಿಗೂ ತಡವಾಗೇ ಬಂತಂತೆ’ ಎನ್ನುವ ಅಜ್ಜಿಯರನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಬಾಯಾರಿಕೆಯಾದರೆ ಏನು ಮಾಡುತ್ತದೆ? ಹೊಸ ಚಪ್ಪಲಿ ಹಾಕಿದರೆ ಯಾರಿಗಾದರೂ ತೋರಿಸುತ್ತದೆಯೇ? ಗೊಂಬೆಗೆ ಊಟ ಮಾಡಿಸುವ ಆಟ ಆಡುತ್ತದೆಯೇ? ಮಾತಿನ ಸಂಖ್ಯೆಗಿಂತ ಮಾತಿನ ಬಳಕೆ ಮುಖ್ಯ ಎನ್ನುವುದು ಇಂಥ ಮೂರು ಪ್ರಶ್ನೆಗಳಿಂದ ರೆಸಿಡೆಂಟಿಗೆ ಅರ್ಥವಾಗುತ್ತದೆ. ಸ್ಕ್ರೀನಿಂಗ್ ಪಟ್ಟಿಗಳು ಬೇಡವೆನ್ನುತ್ತಿಲ್ಲ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ ಸುಳಿವು ಹುಡುಕಲು ಎಂ-ಚಾಟ್‌ನ 20 ಪ್ರಶ್ನೆಗಳಿವೆ, ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆಟಿಸಂ ಅಳೆಯುವ ಭಾರತೀಯ ಮಾಪಕವಾದ ಐಸ್ಯಾದ 40 ಅಂಶಗಳಿವೆ. ಐಸ್ಯಾದಲ್ಲಿ 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಲೆಕ್ಕ. ಆದರೆ ಒಂದೊಂದು ಅಂಶಕ್ಕೂ 1ರಿಂದ 5ರವರೆಗೆ ಅಂಕ ಹಾಕುವ ಕಣ್ಣು ತಯಾರಾಗದಿದ್ದರೆ ಮೊತ್ತಕ್ಕೆ ಬೆಲೆಯಿಲ್ಲ.

ಹಿಸ್ಟರಿಗೆ ಬರೋಣ. ದೊಡ್ಡವರ ವಿಷಯದಲ್ಲಿ ರೋಗಿಯೇ ದೂರು ಹೇಳುತ್ತಾನೆ, ಇಲ್ಲಿ ದೂರು ಹೇಳುವವರು ಬೇರೆಯವರು. ತಾಯಿಗೆ ಹಠ ಕಾಣುತ್ತದೆ, ಶಾಲೆಗೆ ಗಮನವಿಲ್ಲದಿರುವುದು ಕಾಣುತ್ತದೆ, ತಂದೆಗೆ ಏನೂ ಕಾಣದೇ ಇರಬಹುದು. ಮಗುವನ್ನು ಕೇಳಿದರೆ ಹೊಟ್ಟೆನೋವು ಎನ್ನುತ್ತದೆ. ಈ ನಾಲ್ಕನ್ನೂ ಒಂದಾಗಿ ಕಲಸಿ ‘ಚೀಫ್ ಕಂಪ್ಲೇಂಟ್ಸ್’ ಎಂದು ಬರೆಯುವುದನ್ನು ನಿಲ್ಲಿಸಿ. ಯಾರು ಹೇಳಿದ್ದು ಯಾವುದು ಎಂದು ಪ್ರತ್ಯೇಕ ಸಾಲಿನಲ್ಲಿರಲಿ. ಹೇಳಿಕೆಗಳು ಹೊಂದದಿದ್ದರೆ ಅದನ್ನು ತಿದ್ದಿ ಸರಿಮಾಡಲು ಹೋಗಬೇಡಿ, ರೋಗನಿರ್ಣಯದ ಸುಳಿವು ಹಲವು ಸಲ ಇರುವುದೇ ಅಲ್ಲಿ. ಮನೆಯಲ್ಲಿ ಮಾತಿನ ಮಳೆ ಸುರಿಸುವ ಮಗು ಶಾಲೆಯಲ್ಲಿ ಒಂದಕ್ಷರವೂ ಆಡುವುದಿಲ್ಲವೆಂದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಟ್ಯೂಷನ್ ಮಿಸ್ ಹತ್ತಿರ ಒಂದು ಗಂಟೆ ಕೂರುವ ಹುಡುಗ ಶಾಲೆಯಲ್ಲಿ ಮಾತ್ರ ಕೂರುವುದಿಲ್ಲವೆಂದರೆ, ಗಮನ ನಿಲ್ಲದ ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ ಎನ್ನುವ ಮುನ್ನ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಲೇಬೇಕು.

ಒಂದು ಉಪಾಯ ಬಹಳ ಕೆಲಸಕ್ಕೆ ಬರುತ್ತದೆ. ‘ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನಾಯಿತು, ಗಂಟೆ ಪ್ರಕಾರ ಹೇಳಿ’ ಎಂದು ತಾಯಿಯನ್ನು ಕೇಳುವುದು. ಯಾರು ಹಲ್ಲುಜ್ಜಿಸಿದರು, ಯಾರು ತುತ್ತು ಕೊಟ್ಟರು, ಮೊಬೈಲ್ ಕೈಗೆ ಎಷ್ಟು ಹೊತ್ತಿಗೆ ಬಂತು, ಏಟು ಬಿತ್ತೇ, ಎಷ್ಟು ಗಂಟೆಗೆ ಮಲಗಿತು. ಸ್ವಂತ ಕೆಲಸ ಎಷ್ಟು ಮಾಡಿಕೊಳ್ಳುತ್ತದೆ, ಮನೆಯಲ್ಲಿ ಹೊಡೆತ ಇದೆಯೇ, ನಿದ್ದೆ ಸಾಕಾಗುತ್ತಿದೆಯೇ ಎಂಬ ಮೂರೂ ನೇರವಾಗಿ ಕೇಳದೆಯೇ ಹೊರಬರುತ್ತವೆ. ‘ಮಗು ಸಾಮಾನ್ಯವಾಗಿ ಹೇಗಿರುತ್ತದೆ’ ಎಂದರೆ ಬರುವುದು ಅಭಿಪ್ರಾಯ. ‘ನಿನ್ನೆ’ ಎಂದರೆ ಬರುವುದು ಸಂಗತಿ.

ಶಾಲೆಯ ನೋಟ್‌ಬುಕ್ ತರಿಸಿ, ಅದರಲ್ಲೂ ಒರಟು ಪುಸ್ತಕ. ನೀಟ್ ಪುಸ್ತಕವನ್ನು ಅಮ್ಮ ಬರೆಸಿರುತ್ತಾರೆ. ಕನ್ನಡ ಬರವಣಿಗೆ ಓದುವಾಗ ನಮ್ಮ ರೆಸಿಡೆಂಟುಗಳು ಎಡವುವುದು ಇಲ್ಲಿ: ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆದಿದ್ದನ್ನು ಕಲಿಕಾ ನ್ಯೂನತೆಯ ಲಕ್ಷಣ ಎಂದು ಗುರುತು ಹಾಕಿಕೊಳ್ಳುತ್ತಾರೆ. ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಕಾರ ಬಾಯಲ್ಲೇ ಇರುವುದಿಲ್ಲ. ಮಗು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ. ಮಹಾಪ್ರಾಣ ಬಿಡುವುದು ಕೂಡ ಹಾಗೆಯೇ. ಇನ್ನು ಒತ್ತಕ್ಷರದ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನೇ ತರಗತಿಯ ಮಗು ‘ರಾಷ್ಟ್ರ’ ತಪ್ಪು ಬರೆದರೆ ಗಾಬರಿಯಾಗಬೇಕಿಲ್ಲ. ನಾಲ್ಕೈದನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುವುದು, ಗುಣಿತಾಕ್ಷರದಲ್ಲಿ ಕೊಂಬು, ಇಳಿ, ದೀರ್ಘ ಒಂದು ಸಾಲಿನಲ್ಲಿ ಸರಿ ಇನ್ನೊಂದು ಸಾಲಿನಲ್ಲಿ ತಪ್ಪು ಆಗುವುದು, ಬಾಯಲ್ಲಿ ಸರಿಯಾಗಿ ಹೇಳುವ ಉತ್ತರವನ್ನು ಬರೆಯಲಾಗದಿರುವುದು, ಇವು ತೂಕವಿರುವ ಲಕ್ಷಣಗಳು. ಮನೆಯಲ್ಲಿ ಕನ್ನಡವೋ ತುಳುವೋ ದಖನಿ ಉರ್ದುವೋ ಆಡಿ ಶಾಲೆಯಲ್ಲಿ ಇಂಗ್ಲಿಷ್ ಓದುವ ಮಗುವನ್ನು ಇಂಗ್ಲಿಷ್ ಒಂದರಲ್ಲೇ ಪರೀಕ್ಷಿಸಿ ತೀರ್ಮಾನಕ್ಕೆ ಬರಬೇಡಿ. 8 ವರ್ಷಕ್ಕೆ ಮೊದಲು ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವ ಹಾಗಿಲ್ಲ ಎನ್ನುವುದೂ ರೆಸಿಡೆಂಟಿಗೆ ಗೊತ್ತಿರಲಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳುತ್ತೇನೆ. ಬುದ್ಧಿಮತ್ತೆ ಪರೀಕ್ಷೆಗೆಂದು ಬಿನೆ-ಕಾಮತ್ ಟೆಸ್ಟ್ ಬರೆದು ಸೈಕಾಲಜಿ ವಿಭಾಗಕ್ಕೆ ಕಳಿಸುತ್ತೀರಲ್ಲ, ಆ ಪರೀಕ್ಷೆ ಹುಟ್ಟಿದ್ದು ಈ ನೆಲದಲ್ಲಿ. 1930ರ ದಶಕದಲ್ಲಿ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ, ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಅದನ್ನು ರೂಪಿಸಿದರು. ಹೆಮ್ಮೆಯ ವಿಷಯ, ಸಂದೇಹವಿಲ್ಲ. ಆದರೆ ಅಂದಿನ ಮಕ್ಕಳ ಮೇಲೆ ನಿಂತ ಮಾನದಂಡ ಇಂದಿನ ಮಗುವಿನ ಅಂಕವನ್ನು ಎಷ್ಟು ಸರಿಯಾಗಿ ಹೇಳೀತು ಎನ್ನುವ ಪ್ರಶ್ನೆಯನ್ನು ರೆಸಿಡೆಂಟ್ ಕೇಳಬೇಕು. ಐಕ್ಯೂ 68 ಎಂಬ ಒಂದೇ ಸಂಖ್ಯೆಯನ್ನು ನಂಬಿ ಬೌದ್ಧಿಕ ಅಸಾಮರ್ಥ್ಯ ಎಂದು ಬರೆಯುವ ಬದಲು, ಮಗು ಅಂಗಡಿಗೆ ಹೋಗಿ ಚಿಲ್ಲರೆ ತರುತ್ತದೆಯೇ, ಒಬ್ಬನೇ ಸ್ನಾನ ಮಾಡುತ್ತದೆಯೇ ಎಂದು ದೈನಂದಿನ ಸಾಮರ್ಥ್ಯವನ್ನೂ ಜೊತೆಗಿಟ್ಟು ನೋಡುವುದನ್ನು ಕಲಿಸಿ. ಪರೀಕ್ಷೆ ನಡೆಯುವಾಗ ಒಮ್ಮೆಯಾದರೂ ಪೂರ್ತಿ ಕೂತು ನೋಡಲಿ. ವರದಿ ಓದುವ ರೀತಿ ಆಮೇಲೆ ಬದಲಾಗುತ್ತದೆ.

ದೇಹ ಪರೀಕ್ಷೆಯನ್ನು ನಮ್ಮವರು ಬಿಟ್ಟೇಬಿಡುತ್ತಾರೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಸರಿಪಡಿಸಬಹುದಾಗಿದ್ದ ಕಾಯಿಲೆ ಕೈಬಿಟ್ಟುಹೋಗುತ್ತದೆ. ಮಾತು ತಡವಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಆಗಲೇಬೇಕು. ‘ಟಿವಿ ಶಬ್ದಕ್ಕೆ ತಿರುಗುತ್ತಾನೆ, ಕಿವಿ ಚೆನ್ನಾಗಿದೆ’ ಎಂಬ ಮಾತನ್ನು ನಂಬಬೇಡಿ. ಕೆಲವೇ ಸ್ತರದ ಶಬ್ದ ಕೇಳದ ಮಗುವೂ ಟಿವಿಗೆ ತಿರುಗುತ್ತದೆ. ತಲೆಯ ಸುತ್ತಳತೆ ತೆಗೆಯಿರಿ: ಹಿಗ್ಗದ ಟೇಪು, ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆಯ ಅತಿ ಉಬ್ಬಿದ ಭಾಗ, ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಹುಟ್ಟಿದಾಗ ಸುಮಾರು 34–35 ಸೆಂ.ಮೀ., ವರ್ಷಕ್ಕೆ 46ರ ಆಸುಪಾಸು, 5 ವರ್ಷಕ್ಕೆ 50–51. ದೊಡ್ಡದೆನಿಸಿದರೆ ಸ್ಕ್ಯಾನ್ ಬರೆಯುವ ಮುಂಚೆ ಅಪ್ಪ ಅಮ್ಮನ ತಲೆಯನ್ನೂ ಅಳೆಯಿರಿ.

ಬಟ್ಟೆ ಸರಿಸಿ ಚರ್ಮ ನೋಡಿ. ಕಾಫಿ ಬಣ್ಣದ ಮಚ್ಚೆ 6 ಅಥವಾ ಹೆಚ್ಚಿದ್ದು, ಒಂದೊಂದೂ 5 ಮಿ.ಮೀ. ಮೀರಿದ್ದರೆ ನರಗಳ ಮೇಲೆ ಗಂಟು ಬೆಳೆಯುವ ಆನುವಂಶಿಕ ಕಾಯಿಲೆ ನ್ಯೂರೋಫೈಬ್ರೊಮ್ಯಾಟೋಸಿಸ್ ನೆನಪಾಗಬೇಕು. ಎಲೆಯಾಕಾರದ ಬಿಳಿ ಮಚ್ಚೆಯಿದ್ದು ಫಿಟ್ಸ್ ಕೂಡ ಇದ್ದರೆ, ಮೆದುಳು ಮುಂತಾದ ಕಡೆ ಗಂಟು ಬೆಳೆಯುವ ಟ್ಯೂಬರಸ್ ಸ್ಕ್ಲೀರೋಸಿಸ್. ಬಿಳಿ ಚರ್ಮದಲ್ಲಿ ಅದು ಬರಿಗಣ್ಣಿಗೆ ಕಾಣದೆ ಹೋಗಬಹುದು, ಚರ್ಮರೋಗ ವಿಭಾಗದಿಂದ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ತರಿಸಿ ಕತ್ತಲೆ ಕೋಣೆಯಲ್ಲಿ ನೋಡಿದರೆ ಎದ್ದು ಕಾಣುತ್ತದೆ.

8 ವರ್ಷದ ಹುಡುಗಿ, ಕ್ಲಾಸಿನಲ್ಲಿ ಗಮನವಿಲ್ಲ, ಬರೆಯುತ್ತ ಬರೆಯುತ್ತ ನಿಲ್ಲಿಸುತ್ತಾಳೆ, ಹಗಲುಗನಸು ಕಾಣುತ್ತಾಳೆ ಎಂಬ ದೂರು. ರೆಸಿಡೆಂಟ್ ಎಡಿಎಚ್‌ಡಿ ಪಟ್ಟಿ ಭರ್ತಿ ಮಾಡಿಸುತ್ತಾನೆ, ಅಂಕ ಹೆಚ್ಚೇ ಬರುತ್ತದೆ. ಯಾರೂ ಮಾಡದ ಪರೀಕ್ಷೆ ಎಂದರೆ, ಒಂದು ಕಾಗದದ ಚೂರನ್ನು ಮುಖದ ಮುಂದೆ ಹಿಡಿದು 3 ನಿಮಿಷ ಬಿಡದೆ ಜೋರಾಗಿ ಊದಿಸುವುದು. ಅಬ್ಸೆನ್ಸ್ ಫಿಟ್ಸ್ ಇದ್ದರೆ ಬಹಳ ಸಲ ಅಲ್ಲೇ ನಿಮ್ಮ ಕಣ್ಣೆದುರು ಬರುತ್ತದೆ: ಊದುವುದು ನಿಲ್ಲುತ್ತದೆ, ನೋಟ ಶೂನ್ಯವಾಗುತ್ತದೆ, ರೆಪ್ಪೆ ಅದುರುತ್ತದೆ, ಕೆಲವು ಸೆಕೆಂಡಿಗೆ ಏನೂ ಆಗದಂತೆ ಮತ್ತೆ ಊದಲು ಶುರು ಮಾಡುತ್ತಾಳೆ. ತೀವ್ರ ಆಸ್ತಮಾ, ಹೃದಯದ ಕಾಯಿಲೆ, ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಿಗೆ ಮಾತ್ರ ಇದನ್ನು ಮಾಡಿಸಬಾರದು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಸೆಕೆಂಡಿಗೆ 3ರಂತೆ ಬರುವ ಅಲೆಗಳು ರೋಗವನ್ನು ಖಚಿತಪಡಿಸುತ್ತವೆ. ಇಂಥ ಮಗುವಿಗೆ ಕಾರ್ಬಮಜೆಪಿನ್ ಎಂಬ ಫಿಟ್ಸ್ ಔಷಧಿ ಕೊಟ್ಟರೆ ಫಿಟ್ಸ್ ಹೆಚ್ಚಾಗಬಹುದು ಎನ್ನುವುದನ್ನೂ ಅಲ್ಲೇ ಹೇಳಿಕೊಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ ಯಾವುದೂ ಕೇಸ್ ಪ್ರೆಸೆಂಟೇಶನ್ ಕೇಳುವುದರಿಂದ ಕಲಿಸಲು ಬರುವುದಿಲ್ಲ. ನಮ್ಮ ಪದ್ಧತಿ ಏನು? ರೆಸಿಡೆಂಟ್ ಒಂದು ಗಂಟೆ ಒಳಗೆ ಕೂತು ವರ್ಕಪ್ ಮಾಡುತ್ತಾನೆ, ಹೊರಗೆ ಬಂದು ಕನ್ಸಲ್ಟೆಂಟಿಗೆ ಓದಿ ಹೇಳುತ್ತಾನೆ, ಕನ್ಸಲ್ಟೆಂಟ್ ಐದು ನಿಮಿಷ ಮಗುವನ್ನು ನೋಡಿ ಔಷಧಿ ತಿದ್ದುತ್ತಾರೆ. ಶಿಷ್ಯ ಹಾಡುವುದನ್ನು ಒಂದು ದಿನವೂ ಕೇಳದ ಸಂಗೀತದ ಮೇಷ್ಟ್ರು, ನಿನ್ನೆ ಹೇಗೆ ಹಾಡಿದೆ ಎಂದು ಅವನ ಬಾಯಿಂದಲೇ ವರದಿ ಕೇಳಿ ಪಾಠ ಹೇಳಿದ ಹಾಗೆ ಇದು. ವರದಿಯಲ್ಲಿ ಅಪಸ್ವರ ಕೇಳಿಸುವುದಿಲ್ಲ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲೇ ಇದನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿಟ್ಟರು. ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ನಾವು ಎರಡನೆಯ ಮೆಟ್ಟಿಲಲ್ಲೇ ಪರೀಕ್ಷೆ ಮುಗಿಸಿ ಡಿಗ್ರಿ ಕೊಡುತ್ತೇವೆ.

ಉದಾಹರಣೆ ನೋಡಿ. ಪ್ರೆಸೆಂಟೇಶನ್‌ನಲ್ಲಿ ಹೀಗಿರುತ್ತದೆ: ‘ಮಗು ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣು ಸೇರಿಸುವುದಿಲ್ಲ.’ ಒಳಗೆ ಕೂತು ನೋಡಿದ್ದರೆ ಕಾಣುತ್ತಿದ್ದದ್ದು: ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು, ಮಗುವಿನ ಕೈಯಲ್ಲಿ ಅಮ್ಮನ ಮೊಬೈಲಿತ್ತು, ಮಧ್ಯೆ ಮೇಜಿತ್ತು, ರೆಸಿಡೆಂಟ್ ಒಂದೇ ಸಲ ಕರೆದ, ಅದೂ ಮನೆಯಲ್ಲಿ ಕರೆಯುವ ‘ಪುಟ್ಟಣ್ಣ’ ಎಂಬ ಹೆಸರಿನಿಂದಲ್ಲ, ಚೀಟಿಯಲ್ಲಿದ್ದ ‘ಯಶಸ್ ಕುಮಾರ್’ ಎಂಬ ಹೆಸರಿನಿಂದ. ಇನ್ನೊಂದು: ‘ಆತ್ಮಹತ್ಯೆಯ ಯೋಚನೆ ಇಲ್ಲ ಎಂದಳು.’ ಕೇಳಿದ್ದು ಅಮ್ಮ, ಅಪ್ಪ, ಚಿಕ್ಕಪ್ಪನ ಎದುರಿಗೆ. ಕೇಳಿದ ರೀತಿ, ‘ಅಂಥ ಯೋಚನೆ ಏನೂ ಇಲ್ಲ ತಾನೆ?’ ಈ ಎರಡನ್ನೂ ಯಾವ ಪ್ರೆಸೆಂಟೇಶನ್ನೂ ನಿಮಗೆ ಹೇಳುವುದಿಲ್ಲ. ರೆಸಿಡೆಂಟ್ ಮುಚ್ಚಿಡುತ್ತಿದ್ದಾನೆಂದಲ್ಲ, ಅವನಿಗೇ ಅದು ಕಂಡಿಲ್ಲ.

ಹೀಗಾಗಿ ಗುರು ಒಳಗೆ ಕೂರಬೇಕು. ಕೂರುವುದಕ್ಕೂ ಕ್ರಮವಿದೆ. ಕುಟುಂಬಕ್ಕೆ ಮೊದಲೇ ಹೇಳಿ: ‘ಇವರು ನಿಮ್ಮ ಜೊತೆ ಮಾತಾಡುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.’ ರೆಸಿಡೆಂಟಿನ ಹಿಂದೆ ಒಂದು ಬದಿಗೆ, ಮಗುವಿನ ನೇರ ನೋಟಕ್ಕೆ ಸಿಗದ ಕಡೆ ಕೂತುಕೊಳ್ಳಿ. 15–20 ನಿಮಿಷ ಸಾಕು, ಪೂರ್ತಿ ಒಂದು ಗಂಟೆ ಬೇಕಿಲ್ಲ. ಬಾಯಿ ಹಾಕಬೇಡಿ. ಹಿರಿಯರಿಗೆ ಇದೇ ಕಷ್ಟ. ತಾಯಿ ನಿಮ್ಮ ಕಡೆ ತಿರುಗಿ ಹೇಳಲು ಶುರು ಮಾಡಿದರೆ ರೆಸಿಡೆಂಟ್ ಕಡೆ ಕೈ ತೋರಿಸಿ ಸುಮ್ಮನಾಗಿ. ಮಗುವಿನ ಸುರಕ್ಷತೆಯ ಪ್ರಶ್ನೆ ಬಂದರೆ ಮಾತ್ರ ನಡುವೆ ಬನ್ನಿ. ನೋಡುವಾಗ ಕೇಳಿದ ಮಾತುಗಳನ್ನು ಅವರು ಆಡಿದ ಹಾಗೇ ಬರೆದುಕೊಳ್ಳಿ.

ಆಮೇಲೆ 5–10 ನಿಮಿಷ ಅಲ್ಲೇ ಮಾತಾಡಿ, ಸಂಜೆಗೆ ಮುಂದೂಡಬೇಡಿ. ‘ರ್‍ಯಾಪೋ ಚೆನ್ನಾಗಿತ್ತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮಗು ಚೆಂಡು ಉರುಳಿಸಿದಾಗ ನೀನು ಬರೆಯುತ್ತಿದ್ದೆ, ಅದು ಎರಡು ಸಲ ನಿನ್ನ ಮುಖ ನೋಡಿತು, ಮೂರನೇ ಸಲ ನೋಡಲಿಲ್ಲ’ ಎಂದು ಹೇಳಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಆರು ತಪ್ಪು ಪಟ್ಟಿ ಮಾಡಿದರೆ ಮುಂದಿನ ಸಲ ಅವನು ನಿಮ್ಮನ್ನು ಒಳಗೆ ಕೂರಿಸಿಕೊಳ್ಳಲು ಹೆದರುತ್ತಾನೆ. ತಿದ್ದಿದ್ದನ್ನು ಮುಂದಿನ ಮಗುವಿನಲ್ಲೇ ಮಾಡಿ ನೋಡಲಿ. ಮನೆಯವರ ಎದುರು ರೆಸಿಡೆಂಟನ್ನು ತಿದ್ದಬೇಡಿ. ಅವರು ಆ ರೆಸಿಡೆಂಟ್ ಹತ್ತಿರವೇ ಮತ್ತೆ ಬರಬೇಕು. ವಿಡಿಯೊ ಮಾಡುವುದಾದರೆ ಲಿಖಿತ ಒಪ್ಪಿಗೆ ಬೇಕು, ಆಸ್ಪತ್ರೆಯ ಉಪಕರಣದಲ್ಲೇ ಆಗಬೇಕು, ಯಾರ ಸ್ವಂತ ಫೋನಿಗೂ ಹೋಗಬಾರದು.

ಔಷಧಿಯ ವಿಷಯ ಬೇಗ ಮುಗಿಸುತ್ತೇನೆ, ಪುಸ್ತಕದಲ್ಲಿ ಸಿಗುತ್ತದೆ. ತಪ್ಪಾಗುವ ಜಾಗಗಳನ್ನಷ್ಟೇ ಹೇಳುತ್ತೇನೆ. ತೂಕ ನೋಡದೆ ಬರೆಯುವುದು ಮೊದಲನೆಯದು. ಆಟಿಸಂನಲ್ಲಿ ತೀವ್ರ ಸಿಡುಕಿಗೆ ರಿಸ್ಪೆರಿಡೋನ್ ಕೊಡುವಾಗ 20 ಕೆ.ಜಿ. ಒಳಗಿನ ಮಗುವಿಗೆ ದಿನಕ್ಕೆ 0.25 ಮಿ.ಗ್ರಾಂ., ಮೇಲಿನವರಿಗೆ 0.5 ಮಿ.ಗ್ರಾಂ.ನಿಂದ ಶುರು ಮಾಡುತ್ತೇವೆ. ದೊಡ್ಡವರ ವಾರ್ಡಿನಿಂದ ಬಂದವರ ಕೈ ತಾನಾಗಿಯೇ 2 ಮಿ.ಗ್ರಾಂ. ಬರೆಯುತ್ತದೆ. ಸಿರಪ್ ಆದರೆ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡನ್ನೂ ಬರೆಯಿರಿ, ಚುಕ್ಕೆಗೆ ಮೊದಲು ಸೊನ್ನೆ ಹಾಕುವುದನ್ನು ಮರೆಯಬೇಡಿ (.5 ಅಲ್ಲ, 0.5), ತಾಯಿಯ ಕೈಯಲ್ಲೇ ಸಿರಿಂಜಿನಲ್ಲಿ ಎಳೆಸಿ ನೋಡಿ. ರಿಸ್ಪೆರಿಡೋನ್‌ನಿಂದ ಕತ್ತು ತಿರುಚಿ ಕಣ್ಣುಗುಡ್ಡೆ ಮೇಲೆ ಹೋಗಬಹುದು, ಹಾಗಾದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್‌ನಲ್ಲಿ ಸರಿಹೋಗುತ್ತದೆ ಎಂದು ಮೊದಲೇ ಹೇಳಿ ಕಳಿಸಿ. ಹೇಳದಿದ್ದರೆ ಮನೆಯವರು ಮೈಮೇಲೆ ಏನೋ ಬಂತೆಂದುಕೊಂಡು ರಾತ್ರಿಯೆಲ್ಲ ಬೇರೆಲ್ಲೋ ಕಳೆಯುತ್ತಾರೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಬೆಳಗ್ಗೆ ತಿಂಡಿಯಾದ ಮೇಲೆ 5 ಮಿ.ಗ್ರಾಂ., ವಾರಕ್ಕೊಮ್ಮೆ ಏರಿಕೆ, ಸಂಜೆ 4ರ ನಂತರ ಬೇಡ. ಅದಕ್ಕೆ ಮುಂಚೆ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದಾರೆಯೇ ಎಂದು ಕೇಳಿರಬೇಕು, ನಾಡಿ ಬಿಪಿ ಬರೆದಿರಬೇಕು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ 10 ಮಿ.ಗ್ರಾಂ.ನಿಂದ ಶುರು. ಮೊದಲ 4 ವಾರ ವಾರಕ್ಕೊಮ್ಮೆ ಮಗುವನ್ನು ನೋಡಿ. ಈ ಗುಂಪಿನ ಔಷಧಿಗಳು ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಿಸಬಹುದೆಂದು 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅದರರ್ಥ ಕೊಡಬಾರದು ಎಂದಲ್ಲ, ಬರೆದುಕೊಟ್ಟು ತಿಂಗಳು ಬಿಟ್ಟು ಬಾ ಎನ್ನಬಾರದು ಎಂದು.

ಹದಿಹರೆಯದವರ ಜೊತೆ ಕೆಲಸ ಮಾಡುವಾಗ ಕಾನೂನು ಕೋಣೆಯೊಳಗೇ ಇರುತ್ತದೆ. 12 ದಾಟಿದವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುವುದು ಅಭ್ಯಾಸವಾಗಬೇಕು. ಪೋಷಕರನ್ನು ಹೊರಗೆ ಕಳಿಸುವ ಮುನ್ನ ಅವರಿಗೂ ಮಗುವಿಗೂ ಒಟ್ಟಿಗೆ ಹೇಳಿ: ‘ಇಲ್ಲಿ ಆಡಿದ ಮಾತು ನಮ್ಮಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ, ನಿನಗೆ ಯಾರಾದರೂ ತೊಂದರೆ ಕೊಟ್ಟಿದ್ದರೆ, ನಾವು ಹೇಳಲೇಬೇಕಾಗುತ್ತದೆ.’ ಈ ಎರಡು ವಾಕ್ಯ ಬಿಟ್ಟುಹೋದರೆ ಮುಂದೆ ದೊಡ್ಡ ಪೇಚು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟ ಮೇಲೆ 16ರ ಹುಡುಗಿ ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ ಏನು ಮಾಡುತ್ತೀರಿ? 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಡಿ 6 ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. 17 ವರ್ಷದವಳು ತಾನಾಗಿ ಒಪ್ಪಿ ಇಟ್ಟುಕೊಂಡ ಸಂಬಂಧವೂ ಕಾನೂನಿನ ಕಣ್ಣಿಗೆ ಇದೇ ಸಾಲಿನಲ್ಲಿ ಬರುತ್ತದೆ. ಇದು ಹುಡುಗಿಯ ಚಿಕಿತ್ಸೆಯನ್ನು ಎಷ್ಟು ಕಷ್ಟಕ್ಕೆ ಸಿಕ್ಕಿಸುತ್ತದೆ ಎಂದು ರೆಸಿಡೆಂಟ್ ಜೊತೆ ಮನಬಿಚ್ಚಿ ಚರ್ಚಿಸಿ. ತಿಳಿಸುವ ಮುಂಚೆ ಅವಳಿಗೆ ಹೇಳಿಯೇ ತಿಳಿಸಬೇಕು, ಅವಳ ಬೆನ್ನ ಹಿಂದೆ ಅಲ್ಲ.

ಅಡ್ಮಿಷನ್ ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಸೆಕ್ಷನ್. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರ ಇಲ್ಲವೇ ವೈದ್ಯ, ಬೇರೆಬೇರೆಯಾಗಿ ನೋಡಿರಬೇಕು. ಮಗು ದೊಡ್ಡವರ ವಾರ್ಡಿನಲ್ಲಿರಬಾರದು. ಪೋಷಕರೊಬ್ಬರು ಅಥವಾ ಅವರ ಪರವಾಗಿ ಒಬ್ಬ ಪರಿಚಾರಕರು ಪೂರ್ತಿ ಜೊತೆಗಿರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರಾತ್ರಿ ಡ್ಯೂಟಿಯಲ್ಲಿರುವ ರೆಸಿಡೆಂಟಿಗೆ ಇದು ಬಾಯಲ್ಲಿರದಿದ್ದರೆ ಬೆಳಗಾಗುವುದರೊಳಗೆ ನಾಲ್ಕರಲ್ಲಿ ಮೂರು ತಪ್ಪಿರುತ್ತದೆ.

ಸಾಯುವ ಮಾತಾಡಿದ ಹುಡುಗನನ್ನು ಮನೆಗೆ ಕಳಿಸುವಾಗ ಕೇಳಬೇಕಾದ್ದು: ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಎಲ್ಲಿಟ್ಟಿದ್ದೀರಿ? ಬೀಗ ಹಾಕುವ ಜಾಗ ಇದೆಯೇ? ಬೀಗದ ಕೈ ಯಾರ ಹತ್ತಿರ? ಅಜ್ಜನ ಬಿಪಿ, ಶುಗರ್ ಮಾತ್ರೆಗಳು? ಈ ನಾಲ್ಕಕ್ಕೂ ಉತ್ತರ ಫೈಲಿನಲ್ಲಿರದೆ ಡಿಸ್ಚಾರ್ಜ್ ಸಹಿ ಬೀಳಬಾರದು.

ಪದೇ ಪದೇ ಮೂರ್ಛೆ ಬೀಳುವ, ಪರೀಕ್ಷೆಗಳೆಲ್ಲ ನಾರ್ಮಲ್ ಇರುವ 14ರ ಹುಡುಗಿಯರು ನಮ್ಮ ವಾರ್ಡುಗಳಿಗೆ ಧಾರಾಳವಾಗಿ ಬರುತ್ತಾರೆ. ‘ಏನೂ ಇಲ್ಲ, ಎಲ್ಲ ನಾರ್ಮಲ್’ ಎಂಬ ಒಂದು ಮಾತು ಸಾಕು, ಮನೆಯವರು ಅದನ್ನು ‘ನಾಟಕ’ ಎಂದು ಕೇಳಿಸಿಕೊಳ್ಳುತ್ತಾರೆ, ಮನೆಗೆ ಹೋದ ಮೇಲೆ ಹುಡುಗಿಗೆ ಏಟು ಬೀಳುತ್ತದೆ, ಮೂರ್ಛೆ ಹೆಚ್ಚಾಗುತ್ತದೆ. ‘ಕಾಯಿಲೆ ನಿಜ, ಬೇಕೆಂದು ಮಾಡುತ್ತಿಲ್ಲ. ಮೆದುಳಿಗೆ ಪೆಟ್ಟಾಗಿಲ್ಲ, ಹಾಗಾಗಿ ವಾಸಿಯಾಗಬಲ್ಲದು. ಬಿದ್ದಾಗ ಸುತ್ತ ಜನ ಸೇರಬೇಡಿ, ಎದ್ದಾಗ ಅವಳ ಜೊತೆ ಕೂರಿ’ ಎಂದು ಹೇಳುವುದನ್ನು ರೆಸಿಡೆಂಟ್ ನಿಮ್ಮ ಎದುರು ಹೇಳಿ ಅಭ್ಯಾಸ ಮಾಡಬೇಕು. ಆಟಿಸಂ ಎಂದು ತಂದೆತಾಯಿಗೆ ತಿಳಿಸುವುದೂ ಹಾಗೆಯೇ. ಹೆಸರು ಹೇಳಿ, ಸುಮ್ಮನಿರಿ. ಅವರು ಅಳುವಾಗ ಅಂಕಿ ಅಂಶ ಹೇಳಬೇಡಿ. ಅಂದೇ ಮನೆಯಲ್ಲಿ ಶುರು ಮಾಡಬಹುದಾದ ಒಂದೇ ಒಂದು ಕೆಲಸ ಕೊಟ್ಟು ಕಳಿಸಿ. ಉದಾಹರಣೆಗೆ, ಮಗು ಕೈ ಹಿಡಿದು ಎಳೆದಾಗ ತಕ್ಷಣ ನೀರು ಕೊಡದೆ, ಅದರ ಕಣ್ಣಿನ ಮಟ್ಟಕ್ಕೆ ಕೂತು ‘ನೀರು’ ಎಂದು ಒಮ್ಮೆ ಹೇಳಿ, ಅದರ ನೋಟಕ್ಕೆ ಐದು ಎಣಿಸುವಷ್ಟು ಕಾದು, ಆಮೇಲೆ ಕೊಡುವುದು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. 60 ಜನ ಕಾಯುತ್ತಿರುವ ಒಪಿಡಿಯಲ್ಲಿ ಪ್ರತಿ ಕೇಸಿಗೂ ಗುರು ಕೂರಲು ಸಾಧ್ಯವಿಲ್ಲ. ವಾರಕ್ಕೆ ಒಬ್ಬ ರೆಸಿಡೆಂಟಿಗೆ ಒಂದು ಹೊಸ ಕೇಸ್, ಒಪಿಡಿ ಶುರುವಾಗುವ ಹೊತ್ತಿನ ಮೊದಲನೆಯದು, ಅದರ 20 ನಿಮಿಷ. 3 ತಿಂಗಳ ಪೋಸ್ಟಿಂಗ್ ಎಂದರೆ 12 ಸಲ. ಯಾವ 12 ಎಂದು ಮೊದಲೇ ಗೊತ್ತುಮಾಡಿ ಲಾಗ್ ಬುಕ್ಕಿನಲ್ಲಿ ಅಚ್ಚು ಹಾಕಿಸಿ: 3 ವರ್ಷದೊಳಗಿನ ಮಗುವಿನ ಜೊತೆ ಆಟ ಎರಡು ಸಲ, ಗಂಟೆ ಪ್ರಕಾರದ ಹಿಸ್ಟರಿ ಒಂದು, ಪೂರ್ತಿ ದೇಹ ಪರೀಕ್ಷೆ ಒಂದು, ಹದಿಹರೆಯದವರ ಏಕಾಂತದ ಮಾತುಕತೆ ಎರಡು, ಆತ್ಮಹತ್ಯೆಯ ಪ್ರಶ್ನೆ ಒಂದು, ರೋಗದ ಹೆಸರು ತಿಳಿಸುವುದು ಎರಡು, ಔಷಧಿ ವಿವರಿಸುವುದು ಒಂದು, ಶಾಲೆಗೆ ಫೋನ್ ಒಂದು, ಜಗಳವಾಡುವ ಅಪ್ಪ ಅಮ್ಮನನ್ನು ಒಟ್ಟಿಗೆ ಕೂರಿಸಿ ಮಾತಾಡುವುದು ಒಂದು. ಈಗಿನ ಲಾಗ್ ಬುಕ್ಕಿನಲ್ಲಿ ‘ನೋಡಿದ ಕೇಸುಗಳು: 85’ ಎಂದು ಬರೆಯುವ ಒಂದೇ ಕಾಲಮ್ ಇರುತ್ತದೆ. ಅದರ ಪಕ್ಕದಲ್ಲಿ ‘ಗುರು ಎದುರಿಗಿದ್ದಾಗ ಮಾಡಿದ್ದು’ ಎಂಬ ಇನ್ನೊಂದು ಕಾಲಮ್ ಎಳೆಯಿರಿ, ಮುಂದಿನ ಪೋಸ್ಟಿಂಗ್ ಶುರುವಾಗುವ ದಿನದಿಂದಲೇ.